ಹದಿನಾಲ್ಕು ಆಳಿನ ಬಾಕಿ

೪ ಜನವರಿ

ಪ್ರೀತಿಯ ದೊರೆಸಾನಿಗೆ, ನಿನ್ನ ಅತ್ತಿಗೆಯ ಆಶೀರ್ವಾದ.

ಫೋನಿನಲ್ಲಿ ಮಾತಾಡಿದರೆ ಊಟ ಆಯಿತೇ, ಆಯಿತು ಎನ್ನುವುದರಲ್ಲೇ ಮುಗಿಯುತ್ತದೆ. ಕೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಕಾಗದ. ದೊಡ್ಡ ಕಚೇರಿಯ ದೊರೆಸಾನಿ ನನ್ನ ಕೋಳಿಕಾಲಿನ ಅಕ್ಷರ ನೋಡಿ ನಗಬಾರದು.

ಈ ಸಲ ಶುಂಠಿಗೆ ಗೊಬ್ಬರದಂಗಡಿಯವನ ದುಡ್ಡು ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ನಿನ್ನ ಅಣ್ಣ ತೀರಿಹೋದಾಗಿನಿಂದ, ಆರು ವರ್ಷ, ಬಿತ್ತನೆ ಅವನದು, ಗೊಬ್ಬರ ಅವನದು. ಬೆಳೆದದ್ದು ಅವನ ತಕ್ಕಡಿಗೇ ಹೋಗಬೇಕು, ಅವನು ಹೇಳಿದ್ದೇ ದರ. ಅದರ ಮೇಲೆ ಚೀಲಕ್ಕೆ ನಾಲ್ಕು ಕಿಲೋ ಮಣ್ಣಿನ ಲೆಕ್ಕ ಎಂದು ಕಳೆಯುತ್ತಾನೆ. ಹೋದ ವರ್ಷ ಒಂದೊಂದು ಗೆಡ್ಡೆಯನ್ನೂ ತೊಳೆದು, ಒಣಗಿಸಿ ಒಯ್ದೆ. ಆಗಲೂ ಕಳೆದ. ಇದರಲ್ಲಿ ಮಣ್ಣೆಲ್ಲಿದೆ ತೋರಿಸು ಎಂದೆ. "ಮಣ್ಣು ಕಣ್ಣಿಗೆ ಕಾಣಲ್ಲಕ್ಕ, ತಕ್ಕಡಿಗೆ ಕಾಣತ್ತೆ" ಅಂದ. ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ಇನ್ನೇನು ಮಾಡಲಿ.

ಪೇಟೆಯಲ್ಲಿರುವ ನಿಮ್ಮ ಬ್ಯಾಂಕಿನ ಶಾಖೆಗೆ ಹೋಗಿದ್ದೆ. ಮ್ಯಾನೇಜರ್ ಕೂರಲು ಕುರ್ಚಿ ಕೊಟ್ಟರು, ಅಷ್ಟಕ್ಕೇ ನನಗೆ ಅರ್ಧ ಸಾಲ ಸಿಕ್ಕ ಹಾಗಾಯಿತು. ಒಂದೂಕಾಲು ಎಕರೆಗೆ ಬೆಳೆಸಾಲ ಕೊಡಬಹುದಂತೆ. ಜಮೀನು ಇನ್ನೂ ನಿನ್ನ ಅಣ್ಣನ ಮತ್ತು ನಿನ್ನ ಜಂಟಿ ಹೆಸರಿನಲ್ಲೇ ಇರುವುದರಿಂದ ನಿನ್ನ ಒಪ್ಪಿಗೆ ಪತ್ರ ಬೇಕು. ಆಮೇಲೆ ಅರ್ಜಿ ನಗರದ ಸಾಲ ಪರಿಶೀಲನಾ ವಿಭಾಗಕ್ಕೆ ಬರುತ್ತದಂತೆ. ಅದು ನಿನ್ನದೇ ಅಲ್ಲವೇ? ಕೇಳಿ ಎದೆ ಹಗುರವಾಯಿತು.

ಏಪ್ರಿಲ್ ಮೊದಲ ವಾರ ಬಿತ್ತನೆ ನೆಲಕ್ಕೆ ಬೀಳಬೇಕು. ಅದನ್ನು ನೆನಪಿಟ್ಟುಕೋ.

ನಿನ್ನ ಅತ್ತಿಗೆ


೧೭ ಜನವರಿ

ಅತ್ತಿಗೆ, ನಮಸ್ಕಾರ.

ಒಪ್ಪಿಗೆ ಪತ್ರ ಸಹಿ ಮಾಡಿ ಇದರೊಂದಿಗೆ ಇಟ್ಟಿದ್ದೇನೆ. ನೀವು ಇಷ್ಟು ವಿವರಿಸಬೇಕಾಗಿರಲಿಲ್ಲ. ಆ ನೆಲದಲ್ಲಿ ನನ್ನ ಹೆಸರಿದೆ ಎಂಬುದು ನನಗೆ ವರ್ಷಕ್ಕೊಮ್ಮೆ ಕೂಡ ನೆನಪಾಗುವುದಿಲ್ಲ. ಅದು ಒಳ್ಳೆಯ ಗುಣವೋ ಅಲ್ಲವೋ ಗೊತ್ತಿಲ್ಲ.

ನನ್ನ ಕೆಲಸದ ಅನುಭವದಿಂದ ಒಂದೇ ಮಾತು. ಅರ್ಜಿಯಲ್ಲಿ ಯಾವ ಕಾಲಮ್ಮನ್ನೂ ಖಾಲಿ ಬಿಡಬೇಡಿ. ನಮ್ಮಲ್ಲಿ ಬರುವ ಹತ್ತು ಅರ್ಜಿಗಳಲ್ಲಿ ಆರು ತಿರಸ್ಕೃತವಾಗುವುದು ಖಾಲಿ ಜಾಗದಿಂದ. ಬರೆಯದೆ ಬಿಟ್ಟದ್ದನ್ನು ನಮ್ಮವರು ಮುಚ್ಚಿಟ್ಟದ್ದು ಎಂದೇ ಓದುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಇಲ್ಲಿ ಕೆಲಸ ಜಾಸ್ತಿ. ಮನೆಗೆ ಬಂದು ಬೀಗ ತೆಗೆದು ಒಳಗೆ ಹೋಗಿ ದೀಪ ಹಾಕದೆ ಸ್ವಲ್ಪ ಹೊತ್ತು ಕೂರುತ್ತೇನೆ. ಅಷ್ಟೇ ನನ್ನ ದಿನಚರಿ. ನಿಮ್ಮ ಅಕ್ಷರ ಚೆನ್ನಾಗಿಯೇ ಇದೆ. ನಮ್ಮ ಭಾಷೆಯಲ್ಲಿ ಬರೆದು ಅಭ್ಯಾಸ ತಪ್ಪಿರುವವಳು ನಾನು, ಈ ಕಾಗದವನ್ನು ಎರಡು ಸಲ ಬರೆದಿದ್ದೇನೆ.

ನಿಮ್ಮ ನಾದಿನಿ


೨ ಫೆಬ್ರವರಿ

ದೊರೆಸಾನಿಗೆ,

ನೀನು ಬರೆದದ್ದು ಒಳ್ಳೆಯದಾಯಿತು. ಹದಿನೇಳನೇ ಕಾಲಮ್ಮನ್ನು ನಾನು ಖಾಲಿಯೇ ಬಿಟ್ಟಿದ್ದೆ. 'ಇತರೆ ಬಾಕಿ' ಎಂದಿತ್ತು. ನಾನು ಯಾರ ಕೈಸಾಲವನ್ನೂ ಉಳಿಸಿಕೊಂಡವಳಲ್ಲ. ಅಂಗಡಿಯವನದ್ದು ಕೂಡ ಡಿಸೆಂಬರಿನಲ್ಲೇ ತೀರಿಸಿದೆ. ಆದರೆ ನಿನ್ನ ಕಾಗದ ಓದಿದ ಮೇಲೆ ಮನಸ್ಸು ಚುಚ್ಚಿತು. ಪುನಃ ಬಸ್ಸು ಹತ್ತಿ ಹೋಗಿ, ಅರ್ಜಿ ಈಸಿಕೊಂಡು ಬರೆದೆ: 'ಮುಯ್ಯಿ ಬಾಕಿ ಹದಿನಾಲ್ಕು ಆಳು.' ಗುಮಾಸ್ತ ನೋಡಿ, ಇದು ಸಾಲವಲ್ಲ ತಾನೇ ಎಂದು ಕೇಳಿದ. "ಬಾಕಿ ಅಂತ ಕೇಳಿದ್ದೀರಲ್ಲಪ್ಪ, ಬಾಕಿ ಇದೆ" ಎಂದೆ.

ನಿನಗೆ ಗೊತ್ತಿದ್ದದ್ದೇ, ಇವತ್ತು ಅವರು ನಮ್ಮ ಹೊಲಕ್ಕೆ, ನಾಳೆ ನಾವು ಅವರ ಹೊಲಕ್ಕೆ. ಹೋದ ಮಳೆಗಾಲದಲ್ಲಿ ಹದಿನಾಲ್ಕು ಮನೆಯಿಂದ ತಲಾ ಒಬ್ಬರು ಒಂದೊಂದು ದಿನ ಬಂದು ನನ್ನ ಶುಂಠಿ ಮಡಿಗಳಿಗೆ ಮಣ್ಣೇರಿಸಿ ಸೊಪ್ಪು ಹೊದಿಸಿದರು. ನಾನು ಒಬ್ಬರ ಮುಯ್ಯಿಯನ್ನೂ ತೀರಿಸಿಲ್ಲ. ನಾಳೆ ಬರುತ್ತೇನೆ, ನಾಡಿದ್ದು ಬರುತ್ತೇನೆ ಎಂದು ದಾಟಿಸುತ್ತಿದ್ದೇನೆ. ಕಾರಣ ಸೊಂಟ. ಬಗ್ಗಿದರೆ ಏಳಲಾಗುವುದಿಲ್ಲ, ಗೋಡೆ ಹಿಡಿಯಬೇಕು. ಇದನ್ನು ಇಲ್ಲಿ ಒಂದು ನರಪಿಳ್ಳೆಗೂ ಹೇಳಿಲ್ಲ. ಗೊತ್ತಾದರೆ ಯಾರೂ ನನ್ನ ಹೊಲಕ್ಕೆ ಬರುವುದಿಲ್ಲ. ತಿರುಗಿ ಬರಲಾಗದವಳ ಹೊಲಕ್ಕೆ ಯಾರು ಬರುತ್ತಾರೆ? ಎಣ್ಣೆ ತಿಕ್ಕುತ್ತಿದ್ದೇನೆ, ಬಿತ್ತನೆಯ ಹೊತ್ತಿಗೆ ಸರಿಹೋಗುತ್ತದೆ. ನಿನಗೆ ಮಾತ್ರ ಹೇಳಿದ್ದು.

ಅರ್ಜಿ ನಿನ್ನ ಕಟ್ಟಡಕ್ಕೆ ಹೊರಟಿದೆ. ಕಂಡರೆ ಅದರ ಬೆನ್ನು ತಟ್ಟು.

ನಿನ್ನ ಅತ್ತಿಗೆ


೨೭ ಫೆಬ್ರವರಿ

ದೊರೆಸಾನಿಗೆ,

ನಿನ್ನಿಂದ ಒಂದು ಸಾಲೂ ಇಲ್ಲ. ಮೈ ಹುಷಾರಾಗಿದೆಯೇ?

ಇಲ್ಲಿ ದೊಡ್ಡ ಸಮಾಚಾರ. ಹೋದ ಗುರುವಾರ ಬ್ಯಾಂಕಿನ ಕಡೆಯಿಂದ ಒಬ್ಬ ವಿಚಾರಣೆಗೆ ಬಂದಿದ್ದ. ಬೂಟು, ಚೀಲ, ಕೈಯಲ್ಲಿ ಪಟ್ಟಿ. ನನ್ನ ಹತ್ತಿರ ಹೆಚ್ಚು ಮಾತಾಡಲಿಲ್ಲ, ಮುಯ್ಯಿ ಬಾಕಿ ಇರುವ ಮನೆಗಳು ಯಾವುವು ಎಂದು ಕೇಳಿ ಬರೆದುಕೊಂಡ. ಆಮೇಲೆ ಒಂದೊಂದಾಗಿ ಹದಿನಾಲ್ಕು ಮನೆಗೂ ಹೋದ. ಬಿಸಿಲಲ್ಲಿ ಅಷ್ಟು ನಡೆದನಲ್ಲ, ಕೊಡುವ ಮನಸ್ಸಿಲ್ಲದವರು ಬೂಟು ಸವೆಸುತ್ತಾರೆಯೇ? ನೀನೇ ಕಳಿಸಿರಬೇಕು ಎಂದುಕೊಂಡೆ. ಹೌದು ಎನ್ನಬೇಡ, ನಿನಗೆ ತೊಂದರೆಯಾದೀತು.

ಕೆರೆ ಬದಿಯ 'ಗಡಿಯಾರ' ನೆನಪಿದ್ದಾಳಲ್ಲ? ಎಂಟು ಗಂಟೆ ಎಂದರೆ ಏಳೂ ಐವತ್ತೈದಕ್ಕೆ ಹೊಲದಲ್ಲಿ ನಿಂತಿರುವವಳು. ಮೂವತ್ತು ವರ್ಷದಿಂದ ನನಗೂ ಅವಳಿಗೂ ಮುಯ್ಯಿ. ಮೊನ್ನೆ ದಾರಿಯಲ್ಲಿ ಸಿಕ್ಕಿ, ಸೊಂಟ ಹೇಗಿದೆ ಎಂದಳು. ನಾನು ಅವಳಿಗೆ ಹೇಳಿಯೇ ಇರಲಿಲ್ಲ. ನನ್ನ ನಡಿಗೆ ನೋಡಿಯೇ ಗೊತ್ತಾಗಿರಬೇಕು. ಇನ್ನು ಸ್ವಲ್ಪ ನೆಟ್ಟಗೆ ನಡೆಯಬೇಕು.

ಬಿತ್ತನೆಗೆ ಮಾತು ಕೊಟ್ಟುಬಿಟ್ಟೆ. ಘಾಟಿಯಾಚೆಯ ಬೆಳೆಗಾರ ಒಬ್ಬ ಒಳ್ಳೆಯ ಗೆಡ್ಡೆ ಇಟ್ಟಿದ್ದಾನೆ, ಕಣ್ಣು ಒಡೆಯಲು ಶುರುವಾಗಿದೆ. ಮಾರ್ಚ್ ಇಪ್ಪತ್ತೈದಕ್ಕೆ ಪೂರ್ತಿ ದುಡ್ಡು ಕೊಡಬೇಕು, ಮುಂಗಡಕ್ಕೆ ಹೋರಿಗರು ಬೇಡ, ಹೆಣ್ಣುಗರು ಕೊಡು ಎಂದ. ಕೊಟ್ಟೆ. ದುಡ್ಡು ತಪ್ಪಿದರೆ ಕರು ಅವನದು.

ಅಂಗಡಿಯವನಿಗೆ ಮುಖದ ಮೇಲೇ ಹೇಳಿದೆ, ಈ ಸಲ ನಿನ್ನ ಸಹವಾಸ ಬೇಡ ಎಂದು. ಅವನಿಗೆ ಸಿಟ್ಟು ಬರಲಿಲ್ಲ. "ಬ್ಯಾಂಕಿನೋರು ಎಲೆ ಹಾಕ್ತಾರಕ್ಕ, ಬಡಿಸೋದು ಮಾತ್ರ ಮರೀತಾರೆ. ಹಸಿವಾದಾಗ ಬಾ" ಅಂದ.

ಒಂದು ಸಾಲು ಬರಿ.

ನಿನ್ನ ಅತ್ತಿಗೆ


೯ ಮಾರ್ಚ್

ಅತ್ತಿಗೆ, ನಮಸ್ಕಾರ.

ತಡವಾದದ್ದಕ್ಕೆ ಕ್ಷಮಿಸಿ. ಹಣಕಾಸು ವರ್ಷದ ಕೊನೆಯ ತಿಂಗಳು, ಕಡತಗಳು ಮೇಜಿನಿಂದ ಕೆಳಗಿಳಿದು ನೆಲದ ಮೇಲೂ ಇವೆ.

ವಿಚಾರಣೆಯವರನ್ನು ನಾನು ಕಳಿಸಲಿಲ್ಲ. ಇಲ್ಲಿ ಅರ್ಜಿಗೆ ಹೆಸರಿರುವುದಿಲ್ಲ, ಸಂಖ್ಯೆ ಇರುತ್ತದೆ. ಸಂಬಂಧಿಕರ ಅರ್ಜಿಯನ್ನು ನಾವು ಮುಟ್ಟುವ ಹಾಗಿಲ್ಲ, ಅದು ನಿಯಮ, ಮತ್ತು ನ್ಯಾಯವಾದ ನಿಯಮ ಎಂದೇ ನನಗೆ ಅನ್ನಿಸುತ್ತದೆ. ಆದ್ದರಿಂದ ಅದು ಎಲ್ಲಿದೆ, ಏನಾಗಿದೆ ಎಂದು ನನ್ನನ್ನು ಕೇಳಬೇಡಿ.

ಕರುವಿನ ವಿಷಯ ಓದಿ ಕಳವಳವಾಯಿತು. ಮಂಜೂರಾಗುವ ಮೊದಲೇ ಮಾತು ಕೊಟ್ಟದ್ದು ಸರಿಯೇ? ಸಾಧ್ಯವಾದರೆ ಕರುವನ್ನು ಬಿಡಿಸಿಕೊಳ್ಳಿ. ಯಾಕೆ ಹೀಗೆ ಬರೆಯುತ್ತಿದ್ದೇನೆ ಎಂದು ಯೋಚಿಸಬೇಡಿ, ಎಚ್ಚರಿಕೆ ಹೇಳುವುದು ನನ್ನ ಕಸುಬು.

ಮೇ ತಿಂಗಳಲ್ಲಿ ನನ್ನ ಬಡ್ತಿಯ ಸಂದರ್ಶನ ಇದೆ. ಸೊಂಟವನ್ನು ವೈದ್ಯರಿಗೆ ತೋರಿಸಿ.

ನಿಮ್ಮ ನಾದಿನಿ


೨೪ ಮಾರ್ಚ್

ದೊರೆಸಾನಿಗೆ,

ಬ್ಯಾಂಕಿನ ಕಾಗದ ಬಂತು. ಅದರಲ್ಲಿರುವುದನ್ನು ಅಕ್ಷರ ಬಿಡದೆ ಇಳಿಸಿದ್ದೇನೆ: 'ಅರ್ಜಿದಾರರು ಹದಿನಾಲ್ಕು ಖಾಸಗಿ ವ್ಯಕ್ತಿಗಳಿಗೆ ಬಾಕಿದಾರರಾಗಿರುವುದರಿಂದಲೂ, ಸೊಂಟದ ತೊಂದರೆಯ ಕಾರಣ ಆ ಬಾಕಿಯನ್ನು ತೀರಿಸಲು ಹಾಗೂ ಸ್ವತಃ ಸಾಗುವಳಿ ಮಾಡಲು ಅಶಕ್ತರಾಗಿರುವುದರಿಂದಲೂ, ಅರ್ಜಿಯನ್ನು ತಿರಸ್ಕರಿಸಲಾಗಿದೆ.'

ಮೊದಲನೆಯದಕ್ಕೆ ನಕ್ಕೆ. ಗಡಿಯಾರ ನನಗೆ ಸಾಲ ಕೊಟ್ಟವಳಂತೆ! ಎರಡನೆಯದನ್ನು ಓದಿ ನಗು ನಿಂತಿತು. ಬ್ಯಾಂಕಿನವರಿಗೆ ಸೊಂಟ ಕಾಣುವ ಯಂತ್ರ ಇದೆಯೇ ಎಂದು ಮ್ಯಾನೇಜರನ್ನು ಕೇಳಿದೆ. ಅರ್ಜಿಯಲ್ಲಿ ನಾನದನ್ನು ಬರೆದಿರಲಿಲ್ಲ, ಶಾಖೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವರು ತಲೆ ತಗ್ಗಿಸಿ, ನಗರದಿಂದಲೇ ಬಂದ ಟಿಪ್ಪಣಿ ಅದು ಎಂದರು.

ಇಲ್ಲಿ ನಡೆದದ್ದು ಈಗ ಗೊತ್ತಾಗುತ್ತಿದೆ. ಆ ಬೂಟಿನವನು ಪ್ರತಿ ಮನೆಯಲ್ಲೂ ಎರಡು ಪ್ರಶ್ನೆ ಕೇಳಿದ್ದಾನೆ. ಆಕೆ ನಿಮಗೆ ಎಷ್ಟು ಕೊಡಬೇಕು? ಆಕೆಗೆ ಸೊಂಟ ಬಿದ್ದಿದೆಯಂತೆ, ತೀರಿಸುತ್ತಾಳೆ ಎಂಬ ನಂಬಿಕೆ ಇದೆಯೇ? ಅವತ್ತಿನ ತನಕ ನನ್ನ ಬಾಕಿ ದುಡ್ಡು ಎಂದು ಯಾರಿಗೂ ಹೊಳೆದಿರಲಿಲ್ಲ. ಈಗ ಒಬ್ಬೊಬ್ಬರೇ ಬರುತ್ತಿದ್ದಾರೆ. ದರ್ಜಿಯ ಹೆಂಡತಿ ಬಾಗಿಲಲ್ಲೇ ನಿಂತು, "ನಿನ್ನ ಕೈಲಿ ಬರೋಕಾಗಲ್ಲ ಅಂತಾರೆ. ಹಂಗಿದ್ರೆ ಒಂದು ದಿನದ ಕೂಲಿ ಕೊಟ್ಬಿಡು, ನಾವೂ ಬಡವರೇ" ಎಂದಳು. ಬಿತ್ತನೆಗೆ ಬನ್ನಿ ಎಂದು ಕರೆದರೆ ಎಲ್ಲರಿಗೂ ಬೇರೆ ಕೆಲಸ.

ನಾಳೆ ಇಪ್ಪತ್ತೈದು.

ಸೊಂಟದ ವಿಷಯ ನಾನು ಹೇಳಿದ್ದು ಒಬ್ಬಳಿಗೇ. ನನಗೆ ವಯಸ್ಸಾಯಿತು, ಮರೆವು. ಇನ್ಯಾರಿಗಾದರೂ ಹೇಳಿದ್ದೆನೇ ಎಂದು ಎರಡು ದಿನದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ನಾನು ಹೇಳಿದ್ದೆ ಎಂದು ನೀನೇ ಬರೆದುಬಿಡು. ನಂಬುತ್ತೇನೆ.

ಮ್ಯಾನೇಜರ್ ಹೇಳಿದರು: ಮುಯ್ಯಿ ಎಂದರೆ ದುಡ್ಡಲ್ಲ ಎಂದು ನಿಮ್ಮ ವಿಭಾಗದಿಂದ ಒಂದು ಸಾಲು ಬಂದರೆ ಸಾಕು, ಹದಿನೈದು ದಿನದಲ್ಲಿ ಅರ್ಜಿ ತೆರೆಸುತ್ತೇನೆ ಎಂದು. ಒಂದು ಸಾಲು.

ಅತ್ತಿಗೆ


೬ ಏಪ್ರಿಲ್

ಅತ್ತಿಗೆ,

ನೀವು ಬೇರೆ ಯಾರಿಗೂ ಹೇಳಿರಲಿಲ್ಲ. ಹೇಳಿದವಳು ನಾನು.

ಅರ್ಜಿ ಬಂದದ್ದು ನನ್ನ ಪಕ್ಕದ ಮೇಜಿಗೆ. ಅಲ್ಲಿರುವವರಿಗೆ ನಮ್ಮ ಭಾಷೆ ಅರ್ಧಂಬರ್ಧ. ನಿಘಂಟು ತೆರೆದರು. ಮುಯ್ಯಿ ಎಂಬುದಕ್ಕೆ ತೀರಿಸಬೇಕಾದದ್ದು ಎಂದಿತ್ತು, ಸೇಡು ಎಂದೂ ಇತ್ತು. "ಮೇಡಂ, ಈಯಮ್ಮ ಹದಿನಾಲ್ಕು ಜನಕ್ಕೆ ಸಾಲ ತೀರಿಸ್ಬೇಕೋ, ಸೇಡು ತೀರಿಸ್ಬೇಕೋ?" ಎಂದು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುವುದು ಎಂದು ಯೋಚಿಸಿದೆ. ನಿಜವಾಗಿಯೂ ಯೋಚಿಸಿದೆ. ಸರಿಯಾದ ಪದ ಸಿಗಲಿಲ್ಲ. ಸಿಗದಿದ್ದಾಗ, ಅದು ಕೂಲಿ ಬಾಕಿ, ಹದಿನಾಲ್ಕು ಜನರಿಗೆ ಎಂದೆ.

ಒಪ್ಪಿಗೆ ಪತ್ರದಲ್ಲಿ ನನ್ನ ಸಹಿ ಇತ್ತು. ವಿಭಾಗದ ಮುಖ್ಯಸ್ಥರು ಅದನ್ನು ನೋಡಿ, "ನಿಮ್ಮವರಾ? ಹಾಗಿದ್ರೆ ನಿಮಗೆ ಒಳಗಿನ ವಿಷಯ ಗೊತ್ತಿರುತ್ತೆ" ಎಂದರು. ಮೇ ತಿಂಗಳ ಸಂದರ್ಶನದಲ್ಲಿ ಅವರೂ ಇರುತ್ತಾರೆ. ನನ್ನ ಮನೆಯವರೆಂದು ಮುಚ್ಚಿಡುತ್ತೇನೆ ಎಂದು ಅವರಿಗೆ ಅನ್ನಿಸಬಾರದು ಎಂದು ನನಗೆ ಅನ್ನಿಸಿತು. ಸೊಂಟದ ಬಗ್ಗೆ ಯಾರೂ ಕೇಳಿರಲಿಲ್ಲ. ನಾನಾಗಿಯೇ ಹೇಳಿದೆ. ಹೇಳಿದ ಮೇಲೆ ಅವರು ನನ್ನನ್ನು ಮೆಚ್ಚುಗೆಯಿಂದ ನೋಡಿದರು, ಮತ್ತು ಆ ನೋಟ ನನಗೆ ಇಷ್ಟವಾಯಿತು. ಇದನ್ನು ಬರೆಯದೆಯೂ ಇರಬಹುದಿತ್ತು.

ನಾನು ಹೇಳಿದ್ದು ಸುಳ್ಳಲ್ಲ. ಈ ಒಂದು ಮಾತನ್ನು ತಿಂಗಳಿಂದ ಹಿಡಿದುಕೊಂಡಿದ್ದೇನೆ. ಸುಳ್ಳಲ್ಲದ ಮಾತು ಯಾರ ಲಾಭಕ್ಕೆ ಆಡಿದ್ದು ಎಂದು ಕೇಳಿಕೊಂಡರೆ ಕೈ ಜಾರುತ್ತದೆ.

ಆ ಒಂದು ಸಾಲನ್ನು ನಾನು ಬರೆಯಲಾರೆ. ಬರೆದರೆ ಮೊದಲು ಹೇಳಿದ್ದು ತಪ್ಪೆಂದು ನನ್ನ ಕೈಯಲ್ಲೇ ದಾಖಲಾಗುತ್ತದೆ. ಆದರೆ ಬೇರೆ ದಾರಿ ಇದೆ. ಈಗಿನ ದರದಲ್ಲಿ ಹದಿನಾಲ್ಕು ದಿನದ ಕೂಲಿಗೆ ಡಿ.ಡಿ. ಇಟ್ಟಿದ್ದೇನೆ. ಹದಿನಾಲ್ಕು ರಸೀದಿ ನಮೂನೆಗಳೂ ಇವೆ. ಎಲ್ಲರಿಗೂ ಕೊಟ್ಟು, ಬಾಕಿ ತೀರಿದೆ ಎಂದು ಸಹಿ ಹಾಕಿಸಿ ಶಾಖೆಗೆ ಕೊಡಿ. ಆಗ ನಿಮ್ಮ ಹೆಸರಿನ ಮೇಲೆ ಯಾವ ಬಾಕಿಯೂ ಇರುವುದಿಲ್ಲ, ಅರ್ಜಿ ತೆರೆಯಲು ನನ್ನ ಸಾಲು ಬೇಕಾಗುವುದೂ ಇಲ್ಲ. ಸೊಂಟಕ್ಕೆ ವೈದ್ಯರ ಚೀಟಿ ಸಾಕು.

ಈ ದುಡ್ಡನ್ನು ಹಿಂತಿರುಗಿಸಬೇಕಾಗಿಲ್ಲ.

ನಿಮ್ಮ ನಾದಿನಿ


೧೨ ಮೇ

ಅತ್ತಿಗೆ, ನಮಸ್ಕಾರ.

ಡಿ.ಡಿ. ನಗದಾಗಿದೆ ಎಂದು ಇಲ್ಲಿ ವಿಚಾರಿಸಿದಾಗ ತಿಳಿಯಿತು. ಅಂದರೆ ಕಾಗದ ತಲುಪಿದೆ. ಮೂರು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ.

ರಸೀದಿಗಳು ಶಾಖೆಗೆ ಬಂದಿವೆಯಂತೆ, ಹದಿನಾಲ್ಕೂ. ಅರ್ಜಿ ಪುನಃ ಇಲ್ಲಿಗೆ ಬಂದಿದೆ. ಈ ಸಲ ನಾನು ಬೇಕೆಂದೇ ಆ ಮೇಜಿನ ಕಡೆ ಹೋಗಲಿಲ್ಲ. ಆಗಿಬಿಡುತ್ತದೆ ಎಂದು ಎಲ್ಲರೂ ಹೇಳುತ್ತಿದ್ದಾರೆ. ನಿಮ್ಮ ಕೆಲಸ ಹಗುರವಾಯಿತು, ನನ್ನ ಮನಸ್ಸೂ ಸ್ವಲ್ಪ ಹಗುರವಾಯಿತು ಎಂದು ಬರೆದರೆ ಕೋಪಿಸಿಕೊಳ್ಳುತ್ತೀರೇ? ಕೋಪಿಸಿಕೊಂಡಾದರೂ ಒಂದು ಕಾಗದ ಬರೆಯಿರಿ. ನೀವು ಎರಡು ಮಾತು ಬೈದರೆ ನನಗೆ ನಿದ್ದೆ ಬರುತ್ತದೆ.

ಸಂದರ್ಶನ ಚೆನ್ನಾಗಿ ಆಯಿತು.

ನಿಮ್ಮ ನಾದಿನಿ


೧೯ ಜೂನ್

ಸಾಲ ಪರಿಶೀಲನಾ ವಿಭಾಗದ ಅಧಿಕಾರಿಯವರಿಗೆ ನಮಸ್ಕಾರಗಳು.

ತಾವು ಎರಡು ಕಾಗದ ಬರೆದಿದ್ದೀರಿ. ಉತ್ತರ ತಡವಾಯಿತು, ಕೂಲಿಗೆ ಹೋಗುವವರಿಗೆ ಬಿಡುವು ಕಡಿಮೆ.

ತಾವು ಕಳಿಸಿದ ದುಡ್ಡನ್ನು ತೆಗೆದುಕೊಂಡು ಹದಿನಾಲ್ಕು ಮನೆಗೂ ಹೋದೆ. ಯಾರೂ ಬೇಡ ಎನ್ನಲಿಲ್ಲ. ಬೇಡ ಎನ್ನುತ್ತಾರೆ ಎಂದು ನಾನು ಅಂದುಕೊಂಡದ್ದು ನನ್ನ ತಪ್ಪು. ಎಲ್ಲರೂ ಎಣಿಸಿಕೊಂಡರು, ರಸೀದಿಗೆ ಸಹಿ ಹಾಕಿದರು, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು. ದರ್ಜಿಯ ಹೆಂಡತಿ ಒಂದು ಲೋಟ ನೀರು ಕೊಟ್ಟಳು. ಕೊನೆಗೆ ಗಡಿಯಾರಳ ಮನೆ. ಅವಳು ಎರಡು ಸಲ ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ನಾನು ಏಳಲಿಲ್ಲ, ಇನ್ನೇನಾದರೂ ಹೇಳುತ್ತಾಳೆ ಎಂದು ಕೂತೇ ಇದ್ದೆ. "ತೀರ್ತಲ್ಲ, ಇನ್ನೇನು. ಇನ್ಮೇಲೆ ನೀ ನನ್ನ ಕರಿಯೋ ಹಾಗಿಲ್ಲ, ನಾ ನಿನ್ನ ಕರಿಯೋ ಹಾಗಿಲ್ಲ. ಆರಾಮಾಗಿರು" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಲೆಕ್ಕ ಹಾಗೇ ಇರುವುದು. ಬಾಕಿ ಇರುವ ತನಕ ಹೋಗಿಬರುವುದಿತ್ತು.

ಕರು ಮಾರ್ಚ್ ಇಪ್ಪತ್ತೈದಕ್ಕೇ ಹೋಯಿತು. ಬಿತ್ತನೆ ಬೇರೆಯವರ ಪಾಲಾಯಿತು. ಏಪ್ರಿಲ್ ನಡುವಿನಲ್ಲಿ, ಆಳೂ ಇಲ್ಲದೆ ಬಿತ್ತನೆಯೂ ಇಲ್ಲದೆ, ಅಂಗಡಿಯವನ ಹತ್ತಿರ ಹೋದೆ. ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಬಾಯಿಮಾತಿನಲ್ಲಿ ಮೂರು ವರ್ಷಕ್ಕೆ ಗುತ್ತಿಗೆ ಎಂದು ಹೊಲವನ್ನು ಹಿಡಿದುಕೊಂಡ. ಈಗ ಶುಂಠಿ ಅವನದು, ಮೊಳಕೆ ಚೆನ್ನಾಗಿ ಬಂದಿದೆ. ಕಳೆ ಕೀಳಲು ನನ್ನನ್ನೂ ಕರೆಯುತ್ತಾನೆ, ಹೋಗುತ್ತೇನೆ. ಸೊಂಟದ ವಿಷಯ ಊರಿಗೆಲ್ಲ ಗೊತ್ತಾಗಿರುವುದರಿಂದ ನನಗೆ ಮುಕ್ಕಾಲು ಕೂಲಿ. ಪಕ್ಕದ ಸಾಲಿನಲ್ಲಿ ಗಡಿಯಾರ ಇರುತ್ತಾಳೆ, ಅವಳಿಗೆ ಪೂರ್ತಿ.

ಸಾಲ ಈ ತಿಂಗಳ ಎಂಟಕ್ಕೆ ಮಂಜೂರಾಯಿತು. ಮ್ಯಾನೇಜರ್ ಪಾಪ, ತಾವೇ ಫೋನ್ ಮಾಡಿ, ಅಮ್ಮಾ, ನಿಮ್ಮ ಹೆಸರಿನ ಮೇಲೆ ಈಗ ಒಂದು ಚುಕ್ಕೆಯೂ ಇಲ್ಲ ಎಂದರು. ಹೊಲದಲ್ಲಿ ಬೇರೆಯವರ ಬೆಳೆ ಇದೆ ಎಂದೆ. ಸಾಗುವಳಿ ಮಾಡದವರಿಗೆ ಬೆಳೆಸಾಲ ಕೊಡಲು ಬರುವುದಿಲ್ಲವಂತೆ. ಮಂಜೂರಾದದ್ದನ್ನು ಬೇಡ ಎಂದು ಒಂದು ಕಾಗದ ಬರೆದುಕೊಡಬೇಕಂತೆ, ಕೊಟ್ಟು ಬಂದೆ. ಅದರಲ್ಲೂ ಒಂದು ಕಾಲಮ್ಮನ್ನೂ ಖಾಲಿ ಬಿಡಲಿಲ್ಲ.

ಬೈದರೆ ನಿದ್ದೆ ಬರುತ್ತದೆ ಎಂದು ಬರೆದಿದ್ದೀರಿ. ಬೈಯುವುದು ಮನೆಯವರನ್ನು.

ಒಂದು ಲೆಕ್ಕ ಮಾತ್ರ ಉಳಿದಿದೆ. ನಾನು ಈ ಮನೆಗೆ ಮದುವೆಯಾಗಿ ಬಂದ ವರ್ಷ ತಮಗೆ ಒಂಬತ್ತು. ಶಾಲೆಗೆ ರಜೆ ಇತ್ತು. ಹೊಸಬಳು, ಒಬ್ಬಳೇ ಹೊಲದಲ್ಲಿ ಅಳುತ್ತಾಳೆ ಎಂದು ಯಾರೂ ಹೇಳದೆ ತಾವಾಗಿಯೇ ಬಂದು ಮೂರು ದಿನ ನನ್ನ ಜೊತೆ ಕಳೆ ಕಿತ್ತಿರಿ. ಅದನ್ನು ಇಷ್ಟು ವರ್ಷ ನಾನು ಬಾಕಿ ಎಂದು ಹಿಡಿದಿರಲಿಲ್ಲ. ಮಕ್ಕಳದ್ದು ಅರ್ಧ ಆಳಿನ ಲೆಕ್ಕ, ಮೂರು ದಿನಕ್ಕೆ ಒಂದೂವರೆ ಆಳಾಯಿತು. ಇವತ್ತಿನ ದರದಲ್ಲೇ ಹಾಕಿದ್ದೇನೆ. ಈ ಲಕೋಟೆಯಲ್ಲೇ ಇದೆ.

ಎಣಿಸಿಕೊಳ್ಳಿ.